ಇಪ್ಪತ್ತು ವರ್ಷದ ಮೊಬೈಲ್ ನಂಬರನ್ನು ಕಂಪನಿಯ ಹೆಸರಿಗೆ ಮಾಡಿಸಬೇಕೆ?

ಕಪನೂರು ಬೇಳೆ ಮಿಲ್ಲು
ಸೋಮವಾರ, ರಾತ್ರಿ 9.40

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ತೊಗರಿ ಬೇಳೆ ಮಿಲ್ಲು ಇದೆ. ತಂದೆಯವರ ಕಾಲದಿಂದ ಒಬ್ಬರ ಹೆಸರಿನಲ್ಲೇ ನಡೆದುಕೊಂಡು ಬಂದಿತ್ತು. ಯಂತ್ರ ಬದಲಿಸಲು ದೊಡ್ಡ ಸಾಲ ಬೇಕಾದಾಗ, ಎರಡು ವರ್ಷದ ಹಿಂದೆ, ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದೆವು. ನಾನು ಮತ್ತು ನನ್ನ ತಮ್ಮ ಇಬ್ಬರೇ ನಿರ್ದೇಶಕರು, ಷೇರುಗಳೂ ನಮ್ಮಿಬ್ಬರವೇ.

ನನ್ನ ಮೊಬೈಲ್ ನಂಬರ್ 2005ರದು. ನೆಹರು ಗಂಜಿನ ಅಡತಿ ಅಂಗಡಿಯವರಿಂದ ಹಿಡಿದು ಸೋಲಾಪುರ, ಹೈದರಾಬಾದ್, ಮಧುರೈನ ಖರೀದಿದಾರರವರೆಗೆ ಎಲ್ಲರ ಬಳಿಯೂ ಇರುವುದು ಇದೊಂದೇ ನಂಬರ್. ಬೇಳೆ ಚೀಲದ ಮೇಲೆ ಅಚ್ಚಾಗಿರುವುದೂ ಇದೇ. ಬಿಲ್ಲು ನನ್ನ ಹೆಸರಿಗೆ ಬರುತ್ತದೆ, ನನ್ನ ಜೇಬಿನಿಂದ ಕಟ್ಟುತ್ತಿದ್ದೇನೆ. ತಿಂಗಳಿಗೆ 600 ರೂಪಾಯಿ, ಮೇಲೆ ತೆರಿಗೆ.

ಮೊನ್ನೆ ಒಂದು ಮೊಬೈಲ್ ಸಂಸ್ಥೆಯ ಹುಡುಗ ಮಿಲ್ಲಿಗೇ ಬಂದಿದ್ದ. ‘ಸಾಹೇಬರೇ, ಕಂಪನಿ ಹೆಸರಿಗೆ ಮಾಡಿಸಿಬಿಡಿ. ಜಿಎಸ್‌ಟಿ ಪೂರ್ತಿ ವಾಪಸು ಬರುತ್ತದೆ, ಹೊಸ ಫೋನು ಕೊಂಡರೆ ಅದೂ ಖರ್ಚಿಗೆ ಬೀಳುತ್ತದೆ, ಮನೆಯವರ ನಾಲ್ಕು ಸಿಮ್ ಕೂಡ ಸೇರಿಸಬಹುದು’ ಎಂದ. ಅರ್ಜಿಯನ್ನೂ ತಂದಿದ್ದ. ತಮ್ಮ ಕೂಡಲೇ ಸಹಿ ಹಾಕೋಣ ಎಂದ. ನನ್ನ ಕೈ ಯಾಕೋ ಮುಂದೆ ಹೋಗಲಿಲ್ಲ, ಎರಡು ದಿನ ಬಿಟ್ಟು ಬಾ ಎಂದು ಕಳಿಸಿದೆ.

ಇದರಿಂದ ನಿಜವಾಗಿ ಉಳಿಯುವುದೆಷ್ಟು? ನಂಬರ್ ಕಂಪನಿಯ ಹೆಸರಿಗೆ ಹೋದರೆ ನನಗೇನಾದರೂ ತೊಂದರೆ ಇದೆಯೆ? ಮಾಡಿದವರು ದಯವಿಟ್ಟು ತಿಳಿಸಿ.

ಗಾಂಧಿ ಗಂಜ್ ಕಿರಾಣಿ, ಬೀದರ್
ಸೋಮವಾರ, ರಾತ್ರಿ 10.15

ಅಣ್ಣಾ, ಇದಕ್ಕೆ ಇಷ್ಟು ಯೋಚನೆ ಬೇಡ. ನಾನು ನಂಬರನ್ನು ಯಾರ ಹೆಸರಿಗೂ ಬದಲಿಸಲಿಲ್ಲ. ಮೊಬೈಲ್ ಸಂಸ್ಥೆಯ ಮಳಿಗೆಗೆ ಹೋಗಿ ನನ್ನ ಜಿಎಸ್‌ಟಿ ಸಂಖ್ಯೆಯನ್ನು ಖಾತೆಗೆ ಸೇರಿಸಿ ಎಂದೆ. ಮುಂದಿನ ತಿಂಗಳಿಂದ ಬಿಲ್ಲಿನಲ್ಲಿ ಅದು ಬಂತು, ಕ್ರೆಡಿಟ್ ಕೂಡ ಸಿಗುತ್ತಿದೆ, ಅಂದರೆ ಬಿಲ್ಲಿನಲ್ಲಿ ಕಟ್ಟಿದ ತೆರಿಗೆಯನ್ನು ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತೇನೆ. ನೀವೂ ಹಾಗೆಯೇ ಮಾಡಿ.

ಲೆಕ್ಕದ ಅಕ್ಕ, ಜೇವರ್ಗಿ ರಸ್ತೆ
ಮಂಗಳವಾರ, ಬೆಳಿಗ್ಗೆ 7.30

ಬೀದರಿನ ಅಣ್ಣನವರು ಮಾಡಿದ್ದು ಅವರ ಮಟ್ಟಿಗೆ ಸರಿ. ಅಂಗಡಿ ಅವರೊಬ್ಬರ ಹೆಸರಿನಲ್ಲಿದೆ. ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ನಮ್ಮ ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರಗಳೇ ಪ್ಯಾನ್. ಅವರ ಅಂಗಡಿಯ ಪ್ಯಾನ್, ಅವರ ಸ್ವಂತ ಪ್ಯಾನ್ ಎರಡೂ ಒಂದೇ. ಆದ್ದರಿಂದ ಸಿಮ್ ಅವರ ಹೆಸರಿನಲ್ಲಿದ್ದರೂ ನಡೆಯಿತು. ಕಪನೂರಿನ ಅಣ್ಣನವರ ಕಂಪನಿ ಕಾನೂನಿನ ಕಣ್ಣಿಗೆ ಬೇರೆಯೇ ಒಂದು ವ್ಯಕ್ತಿ. ಅದಕ್ಕೆ ಅದರದೇ ಪ್ಯಾನ್ ಇದೆ. ಅಣ್ಣನವರ ಸ್ವಂತ ಹೆಸರಿನ ಬಿಲ್ಲಿನ ಮೇಲೆ ಕಂಪನಿ ಕ್ರೆಡಿಟ್ ಕೇಳುವಂತಿಲ್ಲ, ಆ ಬಿಲ್ಲು ಕಂಪನಿಗೆ ಸಿಗುವ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಬರುವುದೂ ಇಲ್ಲ.

ಇನ್ನು ‘ಪೂರ್ತಿ ವಾಪಸು’ ಎಂಬ ಮಾತು. ಆ ಹುಡುಗ ನೀವು ಏನು ಮಾರುತ್ತೀರಿ ಎಂದು ಕೇಳಿದನೆ? ಕೇಳಿರಲಾರ. ಬಿಡಿಯಾಗಿ, 25 ಕಿಲೋ ಮೀರಿದ ಚೀಲದಲ್ಲಿ ಮಾರುವ ಬೇಳೆಗೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ತೂಗಿ ಕಟ್ಟಿ ಚೀಟಿ ಹಚ್ಚಿದ ಪೊಟ್ಟಣಕ್ಕೆ ಮಾತ್ರ ಶೇ. 5 ಬಂತು. ಬೇಳೆಯ ಹೊಟ್ಟು, ಚುನ್ನಿಗಳೂ (ಬೇಳೆ ಒಡೆಯುವಾಗ ಉಳಿಯುವ ನುಚ್ಚು, ಪುಡಿ) 2023ರ ಜನವರಿ 1ರಿಂದ ಶೂನ್ಯ ತೆರಿಗೆಯವು. ತೆರಿಗೆ ಇಲ್ಲದ ಮಾಲಿಗೆ ಸಂಬಂಧಿಸಿದ ಖರ್ಚಿನ ಮೇಲೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಇದು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(2)ನೆಯ ಕಲಮು. ನಿಮ್ಮ ವಹಿವಾಟಿನಲ್ಲಿ ಚಿಕ್ಕ ಪೊಟ್ಟಣದ ಪಾಲೆಷ್ಟೋ ಫೋನ್ ಬಿಲ್ಲಿನ ತೆರಿಗೆಯಲ್ಲೂ ಅಷ್ಟೇ ಪಾಲು ಸಿಗುತ್ತದೆ.

ಆ ಪಾಲು ಎಷ್ಟು ಎಂದು ತಿಳಿಸಿದರೆ ಲೆಕ್ಕ ಹಾಕಿ ಕೊಡುತ್ತೇನೆ.

ಕಪನೂರು ಬೇಳೆ ಮಿಲ್ಲು
ಮಂಗಳವಾರ, ಬೆಳಿಗ್ಗೆ 8.05

ಅಕ್ಕಾ, ಹೆಚ್ಚುಕಡಿಮೆ ಶೇ. 30 ಪೊಟ್ಟಣ. ಉಳಿದದ್ದು 30 ಮತ್ತು 50 ಕಿಲೋ ಚೀಲ, ಹೊಟ್ಟು, ಚುನ್ನಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕ ಮೇಲೆ ಪೊಟ್ಟಣದ ಮೇಲೆ ನಮ್ಮ ಊರಿನ ಹೆಸರು ಹಾಕಿ ಮಾರಬೇಕು ಎಂಬ ಆಸೆ ಹುಟ್ಟಿತು. ಹಾಗೆ ಶುರುವಾದದ್ದು ಆ ಶೇ. 30.

ಲೆಕ್ಕದ ಅಕ್ಕ, ಜೇವರ್ಗಿ ರಸ್ತೆ
ಮಂಗಳವಾರ, ಮಧ್ಯಾಹ್ನ 1.20

ಊಟದ ಹೊತ್ತಿನಲ್ಲಿ ಕುಳಿತು ಹಾಕಿದ ಲೆಕ್ಕ ಇದು.

ತಿಂಗಳಿಗೆ 600ರಂತೆ ವರ್ಷಕ್ಕೆ 7,200. ಅದರ ಮೇಲೆ ಶೇ. 18 ಎಂದರೆ 1,296. ಕಂಪನಿಯ ಹೆಸರಿಗೆ ಮಾಡಿಸಿದರೆ ಈ 1,296ರಲ್ಲಿ ನಿಮಗೆ ಸಿಗುವುದು ಶೇ. 30, ಅಂದರೆ 389 ರೂಪಾಯಿ. ಉಳಿದ 907 ರೂಪಾಯಿ ಖರ್ಚಿಗೆ ಸೇರುತ್ತದೆ. ಒಟ್ಟು ಖರ್ಚು 8,107. ನಿಮ್ಮ ಕಂಪನಿ ಆದಾಯ ತೆರಿಗೆ ಕಾಯ್ದೆಯ 115ಬಿಎಎ ಕಲಮಿನ ಪ್ರಕಾರ ತೆರಿಗೆ ಕಟ್ಟುತ್ತಿದ್ದರೆ ಶೇ. 22, ಸರ್ಚಾರ್ಜ್ ಮತ್ತು ಸೆಸ್ ಸೇರಿ 25.168. ಹಾಗಾಗಿ ಆದಾಯ ತೆರಿಗೆಯಲ್ಲಿ ಉಳಿಯುವುದು ಸುಮಾರು 2,040. ಎರಡೂ ಕೂಡಿಸಿದರೆ ವರ್ಷಕ್ಕೆ 2,429.

ಈಗ ಇನ್ನೊಂದು ದಾರಿ ನೋಡಿ. ನಂಬರ್ ನಿಮ್ಮ ಹೆಸರಿನಲ್ಲೇ ಇರಲಿ. ವ್ಯಾಪಾರಕ್ಕೆ ಬಳಸಿದ ಪಾಲನ್ನು, ಅರ್ಧ ಎಂದು ಹಿಡಿಯೋಣ, ಕಂಪನಿ ನಿಮಗೆ ಬಿಲ್ಲಿನ ಆಧಾರದ ಮೇಲೆ ಮರುಪಾವತಿ ಮಾಡಲಿ. ಜಿಎಸ್‌ಟಿ ಕ್ರೆಡಿಟ್ ಇಲ್ಲ. ತೆರಿಗೆ ಸೇರಿದ ಬಿಲ್ಲು 8,496, ಅದರ ಅರ್ಧ 4,248 ಕಂಪನಿಯ ಖರ್ಚು, ಉಳಿಯುವ ಆದಾಯ ತೆರಿಗೆ 1,069.

ಎರಡು ದಾರಿಗಳ ನಡುವಿನ ಅಂತರ ವರ್ಷಕ್ಕೆ 1,360 ರೂಪಾಯಿ. ನಿಮ್ಮ ನಂಬರನ್ನು ನಿಮ್ಮ ಹೆಸರಿನಿಂದ ತೆಗೆಯಲು ನಿಮಗೆ ಸಿಗುವ ಬೆಲೆ ಇಷ್ಟೇ.

ಸಂಬಳ ಪಡೆಯುವ ನಿರ್ದೇಶಕರಿಗೆ ಇನ್ನೊಂದು ಭಯ ಇರುತ್ತದೆ: ಕಂಪನಿ ಫೋನ್ ಬಿಲ್ಲು ಕಟ್ಟಿದರೆ ಅದು ನಮ್ಮ ವರಮಾನಕ್ಕೆ ಸೇರುವುದೆ ಎಂದು. ಇಲ್ಲ. 1962ರ ಆದಾಯ ತೆರಿಗೆ ನಿಯಮಗಳ 3ನೆಯ ನಿಯಮದಲ್ಲಿ ನೌಕರರ ಪರವಾಗಿ ಭರಿಸಿದ ದೂರವಾಣಿ, ಮೊಬೈಲ್ ವೆಚ್ಚವನ್ನು ತೆರಿಗೆಗೆ ಒಳಪಡುವ ಸೌಲಭ್ಯದಿಂದ ಹೊರಗಿಟ್ಟಿದ್ದಾರೆ. ಒಂದು ಮಾತು: ನಾನು ಬರೆಯುತ್ತಿರುವ ಆದಾಯ ತೆರಿಗೆಯ ಕಲಮುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆಯ ಕಾಲ. ಅಲ್ಲಿ ಸಂಖ್ಯೆಗಳು ಬೇರೆ, ಹಳೆಯ ಸಂಖ್ಯೆ ಹಿಡಿದು ಹುಡುಕಬೇಡಿ.

ಸೂಪರ್ ಮಾರ್ಕೆಟ್ ಮೊಬೈಲ್ ಅಂಗಡಿ
ಮಂಗಳವಾರ, ಸಂಜೆ 6.50

ನಾನು ಈ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕಾಗದಪತ್ರದ ಬಗ್ಗೆ ಹೇಳುತ್ತೇನೆ. ಕಂಪನಿಯ ನೋಂದಣಿ ಪ್ರಮಾಣಪತ್ರ, ಕಂಪನಿಯ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಯಾರು ಸಹಿ ಮಾಡಬೇಕೆಂದು ಬರೆದ ಠರಾವು, ಆ ವ್ಯಕ್ತಿಯ ಗುರುತಿನ ಚೀಟಿ. ಲೆಟರ್‌ಹೆಡ್ ಮೇಲೆ ಶಿಕ್ಕಾ ಬೇಕೇ ಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. 2015ರ ತಿದ್ದುಪಡಿಯ ಮೇಲೆ ಕಂಪನಿಗೆ ಮೊಹರು ಕಡ್ಡಾಯವಲ್ಲ, ಆದರೂ ಒಂದು ರಬ್ಬರ್ ಶಿಕ್ಕಾ ಜೇಬಿನಲ್ಲಿಟ್ಟುಕೊಂಡು ಹೋದರೆ ಎರಡನೆಯ ಸಲ ಓಡಾಡುವುದು ತಪ್ಪುತ್ತದೆ.

ಮೊದಲು ಕಂಪನಿಯ ಒಂದು ಅರ್ಜಿಯ ಮೇಲೆ ಐವತ್ತು ಸಿಮ್ ಕೊಟ್ಟುಬಿಡುತ್ತಿದ್ದರು, ಬಳಸುವವರು ಯಾರೆಂದು ಕೇಳುತ್ತಿರಲಿಲ್ಲ. 2023ರಲ್ಲಿ ದೂರಸಂಪರ್ಕ ಇಲಾಖೆ ಆ ಸಗಟು ಪದ್ಧತಿಯನ್ನು ನಿಲ್ಲಿಸಿತು. ಈಗ ವ್ಯಾಪಾರ ಸಂಪರ್ಕ ಎನ್ನುತ್ತಾರೆ. ಸಿಮ್ ಕಂಪನಿಯದೇ ಆದರೂ ಬಳಸುವ ಪ್ರತಿಯೊಬ್ಬರ ಕೆವೈಸಿ ಬೇಕು. ಹಮಾಲರ ಮುಕ್ಕಾದಮನಿಗೆ ಕೊಟ್ಟ ಸಿಮ್ಮನ್ನು ನಾಳೆ ಲಾರಿ ಚಾಲಕನಿಗೆ ಕೊಟ್ಟರೆ ಮತ್ತೆ ಕೆವೈಸಿ. ಇದರಿಂದ ಒಳ್ಳೆಯದೇ ಆಗಿದೆ. ಯಾರದೋ ಹೆಸರಿನ ಸಿಮ್ಮಿನಿಂದ ಮೋಸದ ಕರೆ ಹೋಗಿ, ಪೊಲೀಸರು ಬಡಪಾಯಿಯೊಬ್ಬನ ಮನೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹುಮನಾಬಾದ್ ಲಾರಿ
ಮಂಗಳವಾರ, ರಾತ್ರಿ 8.30

ಬಿಲ್ಲಿನ ವಿಳಾಸ ಯಾವ ರಾಜ್ಯದ್ದು ಎಂದು ನೋಡಿಕೊಳ್ಳಿ. ನಮ್ಮ ಕಡೆಯವರಿಗೆ ಹೈದರಾಬಾದ್ ಹತ್ತಿರ, ಅಲ್ಲೊಂದು ಕೋಣೆ, ಅಲ್ಲಿಯದೇ ನಂಬರ್. ನಮ್ಮ ಕಂಪನಿಯ ಸಿಮ್ಮುಗಳನ್ನು ಆ ಕೋಣೆಯ ವಿಳಾಸಕ್ಕೆ ತೆಗೆದುಕೊಂಡಿದ್ದೆವು. ಪೋಸ್ಟ್‌ಪೇಯ್ಡ್ ಸೇವೆಗೆ ಬಿಲ್ಲಿನ ವಿಳಾಸ ಎಲ್ಲಿದೆಯೋ ಅಲ್ಲಿಯ ತೆರಿಗೆ. ಹಾಗಾಗಿ ಬಿಲ್ಲಿನಲ್ಲಿ ಬರುತ್ತಿದ್ದುದು ತೆಲಂಗಾಣದ ರಾಜ್ಯ ತೆರಿಗೆ. ನಮ್ಮ ನೋಂದಣಿ ಇರುವುದು ಕರ್ನಾಟಕದಲ್ಲಿ. ಎರಡು ವರ್ಷದ ಕ್ರೆಡಿಟ್ ಪೂರ್ತಿ ಹೋಯಿತು. ನಂಬರ್ ಯಾವ ವಲಯದ್ದಾದರೂ 2015ರ ಜುಲೈನಿಂದ ದೇಶದಾದ್ಯಂತ ಪೋರ್ಟ್ ಮಾಡಿಸಿಕೊಳ್ಳಬಹುದು ಎಂದು ಆಮೇಲೆ ತಿಳಿದು ಕರ್ನಾಟಕಕ್ಕೆ ತಂದೆವು.

ಶಹಾಬಾದ್ ಕಲ್ಲು
ಬುಧವಾರ, ಬೆಳಗಿನ ಜಾವ 5.10

ತೆರಿಗೆಯ ಲೆಕ್ಕವನ್ನು ಅಕ್ಕನವರು ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ವಿಷಯ ಹೇಳಬೇಕು. ರಾತ್ರಿ ಇದನ್ನು ಓದಿದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ.

ನಾನೂ ನನ್ನ ಷಡ್ಡಕನೂ ಸೇರಿ ಕಲ್ಲು ಪಾಲಿಶ್ ಮಾಡುವ ಕಂಪನಿ ನಡೆಸುತ್ತಿದ್ದೆವು. 2018ರಲ್ಲಿ ನಿಮ್ಮಲ್ಲಿಗೆ ಬಂದ ಹಾಗೆಯೇ ಒಬ್ಬರು ಬಂದು ಹೇಳಿದರು, ನನ್ನ ಹಳೆಯ ನಂಬರನ್ನು ಕಂಪನಿಯ ಹೆಸರಿಗೆ ಬರೆದುಕೊಟ್ಟೆ. ಸಹಿ ಮಾಡುವ ಅಧಿಕಾರ ಷಡ್ಡಕನಿಗೆ ಇತ್ತು, ಕಚೇರಿ ಕೆಲಸ ಅವನೇ ನೋಡುತ್ತಿದ್ದ. ನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ಮನಸ್ತಾಪ ಬಂತು, ನಾನು ಷೇರು ಮಾರಿ ಹೊರಗೆ ಬಂದೆ. ಷೇರಿಗೆ ದುಡ್ಡು ಬಂತು. ನಂಬರಿನ ಮಾತನ್ನು ಯಾರೂ ಎತ್ತಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ದಿನ ಸಂಜೆ ನಾಲ್ಕು ಗಂಟೆಗೆ ಫೋನಿನ ಸಿಗ್ನಲ್ ಹೋಯಿತು. ಊರಿನಲ್ಲಿ ಎಲ್ಲರದೂ ಹೋಗಿರಬೇಕು ಎಂದುಕೊಂಡೆ. ರಾತ್ರಿ ಮಗಳ ಕಾಲೇಜಿನ ಶುಲ್ಕ ಕಟ್ಟಲು ಕುಳಿತಾಗ ಒಟಿಪಿ ಬರಲಿಲ್ಲ. ಮರುದಿನ ಮಳಿಗೆಗೆ ಹೋದರೆ, ‘ಇದು ಕಂಪನಿಯ ನಂಬರ್, ಕಂಪನಿಯವರು ಪತ್ರ ಕೊಟ್ಟು ಹೊಸ ಸಿಮ್ ಪಡೆದಿದ್ದಾರೆ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಬ್ಯಾಂಕ್ ಖಾತೆ, ಆಧಾರ್, ಗ್ಯಾಸ್, ಮಗಳ ಕಾಲೇಜಿನ ದಾಖಲೆ, ಎಲ್ಲವೂ ಆ ನಂಬರಿಗೆ ಕಟ್ಟಿಹಾಕಿದ್ದವು. ಪೋರ್ಟ್ ಮಾಡೋಣ ಎಂದರೆ ಅದಕ್ಕೂ ಕಂಪನಿಯ ಪತ್ರ ಬೇಕು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹೊಸ ನಂಬರ್ ಸೇರಿಸಿದೆ, ಬ್ಯಾಂಕಿಗೆ ಮೂರು ಸಲ ಹೋದೆ. ಅದೆಲ್ಲ ಸರಿಪಡಿಸಬಹುದಾದದ್ದು. ಸರಿಯಾಗದೆ ಉಳಿದದ್ದು ಪುಣೆ, ಹೈದರಾಬಾದಿನ ಗುತ್ತಿಗೆದಾರರು. ಹದಿನೈದು ವರ್ಷ ನನ್ನ ಮಾತಿನ ಮೇಲೆ ಕಲ್ಲು ತರಿಸಿಕೊಂಡವರು ಅದೇ ನಂಬರಿಗೆ ಕರೆ ಮಾಡುತ್ತಿದ್ದರು, ಬೇರೆಯವರು ಎತ್ತುತ್ತಿದ್ದರು.

ವಕೀಲರ ಬಳಿ ಹೋದೆ. ಸಹಿ ಹಾಕಿದ್ದು ನೀವೇ ತಾನೆ ಎಂದು ಕೇಳಿದರು. ಹೌದು ಎಂದೆ.

ಕಪನೂರಿನ ಅಣ್ಣಾ, ನಿಮ್ಮ ತಮ್ಮ ಒಳ್ಳೆಯವರೇ ಇರುತ್ತಾರೆ. ನನ್ನ ಷಡ್ಡಕನೂ ಆ ನಾಲ್ಕು ವರ್ಷ ಒಳ್ಳೆಯವನೇ ಆಗಿದ್ದ. ನಾಳೆ ಕಂಪನಿ ಮಾರಬಹುದು, ಸಾಲ ತೀರದೆ ಬೇರೆಯವರ ಕೈಗೆ ಹೋಗಬಹುದು. ಆಗ ನಂಬರೂ ಅದರ ಜೊತೆಗೇ ಹೋಗುತ್ತದೆ.

ಕಪನೂರು ಬೇಳೆ ಮಿಲ್ಲು
ಬುಧವಾರ, ಬೆಳಿಗ್ಗೆ 6.30

ಇದನ್ನು ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ನೆನಪಿಸಿಕೊಳ್ಳುವುದು ಸುಲಭವಾಗಿರಲಿಲ್ಲ ಎಂದು ಗೊತ್ತಾಗುತ್ತದೆ. ತಮ್ಮನಿಗೂ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಣ್ಣಾ, ಆ ನಂಬರ್ ನಿನ್ನದು, ನಿನ್ನ ಹೆಸರಿನಲ್ಲೇ ಇರಲಿ’ ಎಂದ.

ಆಳಂದದವನು, ಬರ್ಮಿಂಗ್‌ಹ್ಯಾಮ್
ಬುಧವಾರ, ಮಧ್ಯಾಹ್ನ 2.45

ಕಾಕಾ, ನಾನು ಇಂಗ್ಲೆಂಡಿನಲ್ಲಿ ಒಬ್ಬನೇ ನಿರ್ದೇಶಕನಾಗಿರುವ ಸಣ್ಣ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕಂಪನಿ ಹೆಸರಿಗೇ ಮಾಡಿಸು ಎನ್ನುತ್ತಾರೆ, ಅದಕ್ಕೆ ಕಾರಣ ಇದೆ. ಕರಾರು ಕಂಪನಿ ಮತ್ತು ಮೊಬೈಲ್ ಸಂಸ್ಥೆಯ ನಡುವೆ ಇದ್ದರೆ, ನೌಕರರೊಬ್ಬರಿಗೆ ಒಂದು ಫೋನಿನಂತೆ ತೆರಿಗೆ ವಿನಾಯಿತಿ ಇದೆ, ಸ್ವಂತ ಕರೆಗಳಿಗೆ ಬಳಸಿದರೂ ಚಿಂತೆಯಿಲ್ಲ. ಕರಾರು ನನ್ನ ಹೆಸರಿನಲ್ಲಿದ್ದು ಕಂಪನಿ ಬಿಲ್ಲು ಕಟ್ಟಿದರೆ ಅದು ನನ್ನ ಸಂಬಳದಂತೆ, ಅದರ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆ ಕೂಡ ಬೀಳಬಹುದು. ಇಲ್ಲಿ ಫೋನೂ ಸಿಮ್ಮೂ ಸೇರಿ 24 ತಿಂಗಳ ಕರಾರು ಸಾಮಾನ್ಯ, ಮೊತ್ತ ದೊಡ್ಡದು, ವ್ಯಾಟ್ ಶೇ. 20. ಹೊಸ ಕಂಪನಿಗೆ ಸಾಲದ ಚರಿತ್ರೆ ಇರುವುದಿಲ್ಲ, ಆದ್ದರಿಂದ ಅರ್ಜಿ ತಿರಸ್ಕಾರವಾಗುವುದೂ ಉಂಟು. ನನಗೆ ಮೊದಲ ಸಲ ಹಾಗೆಯೇ ಆಯಿತು. ಅಂತರ್ಜಾಲದಲ್ಲಿ ಇಲ್ಲಿಯವರು ಬರೆದದ್ದನ್ನು ಓದಿ ನಮ್ಮೂರಿನಲ್ಲಿ ಯಾರಾದರೂ ಅದೇ ನಿಯಮ ಎಂದು ತಿಳಿದುಕೊಂಡಾರು ಎಂದು ಇದನ್ನು ಬರೆದೆ. ಅಲ್ಲಿಯ ನಿಯಮ ಪೂರ್ತಿ ಬೇರೆ.

ಕಪನೂರು ಬೇಳೆ ಮಿಲ್ಲು
ಬುಧವಾರ, ರಾತ್ರಿ 9.15

ಅಕ್ಕಾ, ಇನ್ನೆರಡು ವಿಷಯ ಉಳಿದಿವೆ. ಹೊಸ ಫೋನು, ಸುಮಾರು 25,000ದ್ದು, ಕಂಪನಿಯಿಂದ ಕೊಳ್ಳಬಹುದೆ? ಮತ್ತು ಮನೆಯವರ ಸಿಮ್. ಮಗ ಓದುತ್ತಿದ್ದಾನೆ, ಅವನದು ಬೇಡ ಎಂದು ನನಗೇ ಗೊತ್ತು. ಆದರೆ ನನ್ನ ಹೆಂಡತಿ ಮಿಲ್ಲಿನ ದಿನದ ಜಮಾಖರ್ಚು ಬರೆಯುತ್ತಾಳೆ, ಲಾರಿಯವರ ಜೊತೆ ಮಾತನಾಡುತ್ತಾಳೆ. ಸಂಬಳ ಅಂತ ಇಲ್ಲ.

ಲೆಕ್ಕದ ಅಕ್ಕ, ಜೇವರ್ಗಿ ರಸ್ತೆ
ಗುರುವಾರ, ಬೆಳಿಗ್ಗೆ 7.10

ಫೋನನ್ನು ಕಂಪನಿಯ ಹೆಸರಿನಲ್ಲಿ ಕೊಳ್ಳಬಹುದು. ಆದರೆ ಅದು ಒಂದೇ ವರ್ಷದ ಖರ್ಚಲ್ಲ, ಆಸ್ತಿ. ಸವಕಳಿ ವರ್ಷಕ್ಕೆ ಶೇ. 15. ಕಂಪ್ಯೂಟರಿನಂತೆ ಶೇ. 40 ಎಂದು ಹಾಕಿಕೊಳ್ಳುವವರಿದ್ದಾರೆ, ಅದು ನಿಲ್ಲುವುದಿಲ್ಲ. ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ನೀವು ದೀಪಾವಳಿ ಕಳೆದ ಮೇಲೆ ಕೊಂಡರೆ 25,000ಕ್ಕೆ ಮೊದಲ ವರ್ಷದ ಸವಕಳಿ 1,875, ಉಳಿಯುವ ತೆರಿಗೆ 472 ರೂಪಾಯಿ. ಫೋನಿನ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಿಂದ ಶೇ. 18. ಅದರಲ್ಲೂ ನಿಮಗೆ ನಿಮ್ಮ ಪಾಲಷ್ಟೇ, ಅದೂ ಐದು ವರ್ಷಕ್ಕೆ ಹರಡಿದ ಲೆಕ್ಕ. ನಗದಾಗಿ ಕೊಡಬೇಡಿ. ಒಬ್ಬರಿಗೆ ಒಂದು ದಿನದಲ್ಲಿ 10,000 ಮೀರಿ ನಗದು ಕೊಟ್ಟು ಆಸ್ತಿ ಕೊಂಡರೆ ಆ ಹಣ ಆಸ್ತಿಯ ಬೆಲೆಗೆ ಸೇರುವುದಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ.

ಎರಡನೆಯದು ನನಗೆ ಮುಖ್ಯ. ನಿಮ್ಮ ಮನೆಯವರು ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ ಎಂದು ನೀವೇ ಹೇಳುತ್ತಿದ್ದೀರಿ. ಹಾಗಿದ್ದರೆ ಅವರನ್ನು ನೇಮಿಸಿಕೊಂಡ ಪತ್ರ ಕೊಡಿ, ಕೆಲಸಕ್ಕೆ ತಕ್ಕ ಸಂಬಳವನ್ನು ಅವರ ಖಾತೆಗೆ ಹಾಕಿ. ಆಗ ಅವರ ಕೈಯಲ್ಲಿ ಕಂಪನಿಯ ಸಿಮ್ ಇದ್ದರೆ ಯಾವ ಅಧಿಕಾರಿಯೂ ಪ್ರಶ್ನಿಸುವಂತಿಲ್ಲ. ದುಡಿಯುವವರಿಗೆ ಸಂಬಳ ಬರೆಯದೆ ಫೋನ್ ಬಿಲ್ಲು ಮಾತ್ರ ಬರೆಯುವುದು ಲೆಕ್ಕಕ್ಕೂ ಸರಿಯಲ್ಲ, ನ್ಯಾಯಕ್ಕೂ ಸರಿಯಲ್ಲ. ನಮ್ಮ ಕಡೆಯ ಎಷ್ಟೋ ಮಿಲ್ಲು, ಅಂಗಡಿಗಳ ಪುಸ್ತಕಗಳನ್ನು ನೋಡಿದ್ದೇನೆ. ಬರವಣಿಗೆ ಹೆಣ್ಣುಮಕ್ಕಳದು, ಸಂಬಳದ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಮಗನ ಸಿಮ್ ಬೇಡ ಎಂದದ್ದು ಸರಿ. ಸ್ವಂತ ಬಳಕೆಯ ಸೇವೆಗೆ ಜಿಎಸ್‌ಟಿ ಕಾಯ್ದೆಯ 17(5)ರಲ್ಲಿ ಕ್ರೆಡಿಟ್ ಇಲ್ಲ, ಆದಾಯ ತೆರಿಗೆಯ 37(1)ರಲ್ಲಿ ಖರ್ಚೂ ಒಪ್ಪುವುದಿಲ್ಲ. ಕಂಪನಿಯ ಹಣ ಹೀಗೆ ಮನೆಯ ಖರ್ಚಿಗೆ ಹರಿಯುತ್ತಾ ಹೋದರೆ ಅದು ನಿರ್ದೇಶಕರಿಗೆ ಕೊಟ್ಟ ಸಾಲದಂತೆ ಕಾಣುತ್ತದೆ. ಷೇರುದಾರರಿಗೆ ಕೊಟ್ಟ ಅಂಥ ಹಣವನ್ನು ಲಾಭಾಂಶ ಎಂದೇ ಹಿಡಿಯಲು ಆದಾಯ ತೆರಿಗೆಯ 2(22)(ಇ) ಕಲಮು ಕಾದಿರುತ್ತದೆ.

ಯಾದಗಿರಿ ಹತ್ತಿ
ಗುರುವಾರ, ಬೆಳಿಗ್ಗೆ 11.00

ನಾವು ಎರಡು ಸಿಮ್ ಫೋನು ಇಟ್ಟುಕೊಂಡಿದ್ದೇವೆ. ಒಂದು ಸ್ವಂತದ್ದು, ಒಂದು ಜಿನ್ನಿಂಗ್ ಕಂಪನಿಯದು. ಬ್ಯಾಂಕ್, ಆಧಾರ್ ಎಲ್ಲ ಸ್ವಂತದ್ದಕ್ಕೆ. ನಿರ್ದೇಶಕರ ಕೆವೈಸಿಗೂ ಸ್ವಂತ ನಂಬರನ್ನೇ ಕೊಡಬೇಕು, ಒಟಿಪಿ ಅದಕ್ಕೇ ಬರುತ್ತದೆ. ರೈತರಿಗೂ ಲಾರಿಯವರಿಗೂ ಕಂಪನಿಯ ನಂಬರ್. ರಾತ್ರಿ ಒಂಬತ್ತರ ಮೇಲೆ ಆ ಸಿಮ್ ಬಂದ್ ಮಾಡುತ್ತೇನೆ, ಮಕ್ಕಳ ಜೊತೆ ಊಟ ಮಾಡುತ್ತೇನೆ.

ಕಪನೂರು ಬೇಳೆ ಮಿಲ್ಲು
ಹದಿನೇಳು ದಿನಗಳ ನಂತರ, ಭಾನುವಾರ, ಸಂಜೆ 5.30

ಕೇಳಿದ ಮೇಲೆ ಏನಾಯಿತೆಂದು ಹೇಳದೆ ಹೋಗುವುದು ಸರಿಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2005ರ ನಂಬರ್ ನನ್ನ ಹೆಸರಿನಲ್ಲೇ ಉಳಿಯಿತು. ಕಂಪನಿಯ ಹೆಸರಿನಲ್ಲಿ ಎರಡು ಹೊಸ ಸಿಮ್ ತೆಗೆದುಕೊಂಡೆವು. ಒಂದು ನನ್ನ ಬಳಿ, ಇನ್ನೊಂದು ನನ್ನ ಹೆಂಡತಿಯ ಬಳಿ. ಅವಳಿಗೆ ನೇಮಕ ಪತ್ರ ಕೊಟ್ಟಿದ್ದೇವೆ, ಈ ತಿಂಗಳಿಂದ ಸಂಬಳ. ಪತ್ರವನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದಳು, ಆಮೇಲೆ ದೇವರ ಮುಂದಿಟ್ಟಳು. ಇಷ್ಟು ವರ್ಷ ನಾನಿದನ್ನು ಯೋಚಿಸಿರಲಿಲ್ಲ ಎಂಬುದು ಆಗ ಮನಸ್ಸಿಗೆ ಚುಚ್ಚಿತು.

ಹಳೆಯ ನಂಬರಿನ ಬಿಲ್ಲಿನಲ್ಲಿ ಅರ್ಧವನ್ನು ಕಂಪನಿ ಮರುಪಾವತಿ ಮಾಡಬೇಕೆಂದು ಠರಾವು ಬರೆದೆವು. ಶಹಾಬಾದಿನ ಅಣ್ಣನವರ ಮಾತು ನೆನಪಿಟ್ಟುಕೊಂಡು ಅದರಲ್ಲಿ ಒಂದು ಸಾಲು ಸೇರಿಸಿದ್ದೇವೆ: ಈ ನಂಬರ್ ಮೇಲೆ ಕಂಪನಿಗೆ ಯಾವ ಹಕ್ಕೂ ಇಲ್ಲ. ಇಬ್ಬರೂ ಸಹಿ ಹಾಕಿದ್ದೇವೆ. ಹೊಸ ಸಿಮ್ಮಿನ ಮೊದಲ ಬಿಲ್ಲು ನಿನ್ನೆ ಬಂತು. ವಿಳಾಸ ಕಪನೂರಿನದು, ಜಿಎಸ್‌ಟಿ ಸಂಖ್ಯೆ 29ರಿಂದಲೇ ಶುರುವಾಗುತ್ತದೆ, ಕಂಪನಿಯ ಹೆಸರಿನ ಅಕ್ಷರಗಳೂ ಸರಿಯಾಗಿವೆ.

ಶಹಾಬಾದ್ ಕಲ್ಲು
ಭಾನುವಾರ, ರಾತ್ರಿ 8.20

ಓದಿ ಸಮಾಧಾನವಾಯಿತು. ಒಂದು ಪ್ರಶ್ನೆ. ಚೀಲದ ಮೇಲೆ ಯಾವ ನಂಬರ್ ಅಚ್ಚು ಮಾಡಿಸುತ್ತೀರಿ?

ಕಪನೂರು ಬೇಳೆ ಮಿಲ್ಲು
ಭಾನುವಾರ, ರಾತ್ರಿ 8.45

ಈಗಿರುವ ಚೀಲಗಳು ಮುಗಿಯುವವರೆಗೆ ಹಳೆಯದೇ. ಹೊಸ ತೊಗರಿ ಗಂಜಿಗೆ ಬರುವ ಹೊತ್ತಿಗೆ ಹೊಸ ಚೀಲ ಬರುತ್ತದೆ. ಅದರ ಮೇಲೆ ಕಂಪನಿಯ ನಂಬರ್ ಒಂದೇ ಇರುತ್ತದೆ. ಮಧುರೈನ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ನಾನೇ ಕರೆ ಮಾಡಿ ಹೇಳುತ್ತಿದ್ದೇನೆ. ಇವತ್ತಿಗೆ ಹನ್ನೆರಡು ಜನರಿಗೆ ಹೇಳಿಯಾಯಿತು.